ಎಡಗಡೆಯ ಸೊನ್ನೆ

"ಇದು ಬರೀ ಬಿಳಿ ಹಾಳೆ," ಎಂದೆ.

"ಕಾಣ್ತಿದೆ," ಎಂದರು ಪ್ರಯೋಗಶಾಲೆಯ ಡಾಕ್ಟರಮ್ಮ.

"ಬಿಳಿ ಹಾಳೆಗೆ ಅರಗಿನ ಮೊಹರು ಹಾಕಿ, ಉಕ್ಕಿನ ಬೀರುವಿನಲ್ಲಿಟ್ಟು, ಬೀಗ ಬೇರೆ ಜಡಿದಿದ್ರಾ?"

ಅವರು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಒಳಗೆ ಕೈಹಾಕಿ ತಡಕಿದರು. ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

ಮೊನ್ನೆ ಇದೇ ಪ್ರಯೋಗಶಾಲೆಯಲ್ಲಿ, ಇಲ್ಲೇ ಕೆಲಸ ಮಾಡುವ ನನ್ನ ತಂಗಿಯ ಮುಖಕ್ಕೆ ವಿಷ ಎರಚಿದವರು ಯಾರೆಂದು ಹುಡುಕಿಕೊಂಡು ಬಂದವಳು ನಾನು. ಈಗ ಅದಕ್ಕಿಂತ ಅವಸರದ ಪ್ರಶ್ನೆ ಮೇಜಿನ ಮೇಲೆ ಕುಳಿತಿತ್ತು. ಹೆಬ್ಬೆರಳು ಗಾತ್ರದ ಎರಡು ಬಾಟಲಿ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಹಸಿರು. ಒಂದು ಅವಳ ಕಣ್ಣನ್ನು ಉಳಿಸುತ್ತದೆ, ಇನ್ನೊಂದು ಕಣ್ಣಿನ ಜೊತೆ ಅವಳನ್ನೂ ತೆಗೆದುಕೊಂಡು ಹೋಗುತ್ತದೆ. ಪರೀಕ್ಷೆ ಮಾಡುವವರಿಗೂ ತಿಳಿಯದಿರಲೆಂದು ಮುಚ್ಚಿಟ್ಟಿದ್ದ, ಯಾವುದು ಯಾವುದೆಂದು ಬರೆದ ಒಂದೇ ಒಂದು ಚೀಟಿ ಈ ಲಕೋಟೆಯಲ್ಲಿರಬೇಕಿತ್ತು.

"ಚೀಟಿ ಬರೆದವರನ್ನೇ ಕೇಳಿದ್ರೆ?"

"ಬಾಟಲಿ ತುಂಬಿಸಿದ ಪ್ರೊಫೆಸರ್ ವಿಮಾನದಲ್ಲಿದ್ದಾರೆ. ಇಳಿಯೋದು ಸಂಜೆ ಏಳಕ್ಕೆ."

"ಇಲ್ಲೇ ಪರೀಕ್ಷೆ ಮಾಡಿ ನೋಡೋಕಾಗಲ್ವಾ? ಸುತ್ತಲೂ ಇಷ್ಟೊಂದು ಯಂತ್ರ ಇಟ್ಕೊಂಡಿದ್ದೀರಿ."

"ಎರಡರಲ್ಲಿರೋ ಪದಾರ್ಥ ಒಂದೇ, ಪ್ರಮಾಣ ಬೇರೆ. ಅಳೆದು ಹೇಳೋಕೆ ಎರಡು ದಿನ ಬೇಕು. ನಿಮ್ಮ ತಂಗಿಗೆ ಇರೋದು ನಾಲ್ಕು ಗಂಟೆವರೆಗೆ."

ಆಸ್ಪತ್ರೆಯ ಕಣ್ಣಿನ ಡಾಕ್ಟರು ಬೆಳಿಗ್ಗೆ ಹೇಳಿದ್ದೂ ಅದೇ ಲೆಕ್ಕ. ವಿಷ ಬಿದ್ದು ಐವತ್ತು ಗಂಟೆಯೊಳಗೆ ಔಷಧ ಹೋಗಬೇಕು. ಕಣ್ಣಿನ ಹಿಂದಿನ ನರ ಹಿಡಿದು ಊತ ಮಿದುಳಿನ ಕಡೆ ನಡೆಯುತ್ತಿದೆ, ಆಮೇಲೆ ಯಾವ ಔಷಧವೂ ಅದನ್ನು ವಾಪಸು ಕರೆಯುವುದಿಲ್ಲ. ತಮ್ಮ ಕೈಯಲ್ಲಿದ್ದದ್ದೆಲ್ಲ ಹಾಕಿ ನೋಡಿ ಅವರು ಸೋತಿದ್ದರು.

ಊತ ಆಗಲೇ ಮಾತಿನ ಜಾಗಕ್ಕೆ ಮುಟ್ಟಿತ್ತು. ಮೊನ್ನೆ ಸಂಜೆ ತಂಗಿ ನೆಟ್ಟಗೆ ಮಾತಾಡಿದ್ದಳು: "ಅಕ್ಕಾ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ್ರು. ತಿರುಗಿದೆ. ಮುಖಕ್ಕೆ ಬಿತ್ತು. ದನಿ ಗೊತ್ತಿರೋದೇ, ಯಾರದು ಅಂತ ಬಾಯಿಗೆ ಬರ್ತಿಲ್ಲ. ಇನ್ನೊಂದು ಸಲ ಕೇಳಿದ್ರೆ ಹೇಳ್ತೀನಿ." ಪೊಲೀಸರು ಅದನ್ನು ಕೈಜಾರಿದ ಅವಘಡ ಎಂದು ಬರೆದುಕೊಂಡು ಹೋದರು. ಇವತ್ತು ಬೆಳಿಗ್ಗೆ ನೋಡಿದರೆ ಅವಳ ಮಾತೇ ಕಲಸಿಹೋಗಿತ್ತು. ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು "ಹೋಗು, ಹೋಗು" ಎನ್ನುತ್ತಾಳೆ. "ನೀರು ಬೇಡ" ಎಂದು ಬಾಯಿ ತೆರೆಯುತ್ತಾಳೆ. ಕಣ್ಣು ಉರಿಯುತ್ತಾ ಅಂತ ಅಮ್ಮ ಕೇಳಿದರೆ, "ತಣ್ಣಗಿದೆ" ಎಂದು ಹಲ್ಲು ಕಚ್ಚಿಕೊಂಡು ಅಳುತ್ತಾಳೆ. ಅದನ್ನು ನೋಡಿ ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತು ಐದು ನಿಮಿಷ ಅತ್ತಿದ್ದೆ. ಪತ್ತೇದಾರಳು ಅಳಬಾರದು ಅನ್ನುವವರು ಬಂದು ನನ್ನ ಜಾಗದಲ್ಲಿ ಕೂರಲಿ.

"ಎರಡನ್ನೂ ಹಾಕಿಬಿಟ್ಟರೆ?"

"ಒಂದು ಊತ ಇಳಿಸುತ್ತೆ. ಇನ್ನೊಂದು ಏರಿಸುತ್ತೆ. ಮೊಲಗಳಲ್ಲಿ ನೋಡಿದ್ದೀವಿ." ಡಾಕ್ಟರಮ್ಮ ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ಮುಂದೆ ತಳ್ಳಿದರು. "ಚೀಟಿ ಇಲ್ಲದಿದ್ರೂ ಇದಿದೆ. ಇಪ್ಪತ್ತನಾಲ್ಕು ಮೊಲ, ಇಪ್ಪತ್ತೊಂದು ದಿನ. ಗೋಡೆ ನೋಡಿ."

ಗೋಡೆಯ ಮೇಲೆ ದಪ್ಪಕ್ಷರದ ಕಾಗದ ಅಂಟಿಸಿತ್ತು: ಕೆಂಪು ಬಲಗಣ್ಣಿಗೆ, ಹಸಿರು ಎಡಗಣ್ಣಿಗೆ.

ನೋಟ್‌ಬುಕ್ ತೆರೆದೆ. ತಂಗಿಯ ಕೈ ಎಂದು ಮೊದಲ ಗೆರೆಯಲ್ಲೇ ಗುರುತು ಸಿಕ್ಕಿತು. ಒಂದೊಂದು ಮೊಲಕ್ಕೂ ಒಂದು ಪುಟ್ಟ ಮುಖ: ಎರಡು ಕಿವಿ, ಕೆಳಗೆ ಅಕ್ಕಪಕ್ಕ ಎರಡು ಸೊನ್ನೆ. ಕಣ್ಣು ತಿಳಿಯಾಗಿದ್ದರೆ ಸೊನ್ನೆ ಖಾಲಿ. ಮಂಜಾಗಿದ್ದರೆ ಒಳಗೆ ಗೀಟು. ಮಾತಿಲ್ಲ, ಟಿಪ್ಪಣಿ ಇಲ್ಲ. ಅವಳು ಚಿಕ್ಕವಳಿದ್ದಾಗಿನಿಂದ ಹಾಗೇ, ಬರೆಯುವ ಕಡೆ ಚಿತ್ರ ಬಿಡಿಸಿ ಬೈಸಿಕೊಳ್ಳುವವಳು.

ಮೊದಲ ಹದಿನಾರು ದಿನ ಪ್ರತಿ ಪುಟದಲ್ಲೂ ಎಡಗಡೆಯ ಸೊನ್ನೆ ನಿಧಾನವಾಗಿ ಖಾಲಿಯಾಗುತ್ತ ಬಂದಿತ್ತು, ಬಲಗಡೆಯದು ಕಪ್ಪಾಗುತ್ತ ಹೋಗಿತ್ತು. ಹದಿನೇಳನೆಯ ದಿನದಿಂದ ಎಲ್ಲ ತಿರುವುಮುರುವು. ಬಲಗಡೆ ಖಾಲಿ, ಎಡಗಡೆ ಕಪ್ಪು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ.

"ಇದೇನಿದು? ವಾಸಿಯಾದ ಕಣ್ಣು ಒಂದೇ ರಾತ್ರಿಯಲ್ಲಿ ಕೆಟ್ಟು, ಕೆಟ್ಟ ಕಣ್ಣು ವಾಸಿಯಾಯ್ತಾ?"

"ಕೈ ಬದಲಾಗಿದೆ, ನೋಡಲಿಲ್ವಾ? ನಿಮ್ಮ ತಾಯಿಯ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ನಿಮ್ಮ ತಂಗಿ ಕೊನೆ ಐದು ದಿನ ರಜೆ ಹಾಕಿದ್ಲು. ಆ ಪುಟಗಳು ಮೊಲದಣ್ಣನದು."

ಮೊಲದಣ್ಣ ಎಂದರೆ ಮೊಲಗಳ ಗೂಡು ತೊಳೆದು, ಮೇವು ಹಾಕಿ ನೋಡಿಕೊಳ್ಳುವ ಮನುಷ್ಯ. ಪಕ್ಕದ ಕೋಣೆಯಲ್ಲಿ ಅವನು ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವನ ಪುಟಗಳಲ್ಲಿ ಮುಖವೂ ಇಲ್ಲ, ಕಿವಿಯೂ ಇಲ್ಲ, ಬರೀ ಅಂಕುಡೊಂಕು ಸೊನ್ನೆಗಳು.

"ಅವನಿಗೆ ಎಡ-ಬಲ ಗೊತ್ತಾಗಿಲ್ಲ. ಉಲ್ಟಾ ಬರೆದಿದ್ದಾನೆ," ಎಂದರು ಡಾಕ್ಟರಮ್ಮ. "ನಿಮ್ಮ ತಂಗಿ ಹಾಗಲ್ಲ, ಕೂದಲು ಸೀಳುವಷ್ಟು ಅಚ್ಚುಕಟ್ಟು. ಅವಳ ಪುಟ ನಂಬೋಣ. ಎಡ ವಾಸಿಯಾಗಿದೆ. ಎಡಕ್ಕೆ ಹಾಕಿದ್ದು ಹಸಿರು. ಅಷ್ಟೇ ಅಲ್ಲ, ಮೊಲಗಳ ಯಾವ ಕಣ್ಣು ವಾಸಿಯಾಯ್ತು ಅಂತ ಬೆಳಿಗ್ಗೆ ಅವಳನ್ನ ಕೇಳಿದೆ ಅಂದ್ರಲ್ಲ, ಏನಂದ್ಲು?"

"'ಎಡ' ಅಂದ್ಲು."

"ಮತ್ತೆ?"

ಮತ್ತೆ ಏನು. ತಂಗಿಯ ಕೈಕೆಲಸದ ಮೇಲೆ ನನಗಿರುವ ಹೆಮ್ಮೆಯನ್ನೇ ಅವರು ಹಿಡಿದಿದ್ದರು. ಆದರೂ ಲಕೋಟೆಯನ್ನು ಮತ್ತೊಮ್ಮೆ ತಿರುವಿ ನೋಡಿದೆ.

"ಒಂದು ಮಾತು, ಡಾಕ್ಟ್ರೇ. ಬೀರುವಿನ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ನಿಮ್ಮ ತಂಗಿಯ ಹತ್ರ ಒಂದು. ಮೂರನೇದು ಮೊಲದಣ್ಣನ ಕೋಣೆ ಮೊಳೆಗೆ ನೇತುಹಾಕಿರುತ್ತೆ."

"ಮೊನ್ನೆ ಎರಡು ಗಂಟೆಗೆ ನೀವೆಲ್ಲಿದ್ರಿ?"

ಅವರು ಕನ್ನಡಕ ತೆಗೆದರು. "ಈ ಪ್ರಶ್ನೆ ನಾಲ್ಕು ಗಂಟೆ ಆದ ಮೇಲೆ ಕೇಳಿದ್ರೆ ಆಗಲ್ವಾ?"

"ಈಗ್ಲೇ ಹೇಳಿಬಿಟ್ರೆ ಒಂದು ನಿಮಿಷದ ಕೆಲಸ."

"ಮಹಡಿ ಮೇಲೆ. ಒಬ್ಬಳೇ. ಸಾಕ್ಷಿ ಯಾರೂ ಇಲ್ಲ. ಬರ್ಕೊಳ್ಳಿ." ದನಿ ಏರಲಿಲ್ಲ, ಕತ್ತಿನ ನರ ಮಾತ್ರ ಎದ್ದು ಕಾಣಿಸಿತು. "ಎಂಟು ವರ್ಷ ಈ ಔಷಧದ ಹಿಂದೆ ಬಿದ್ದಿದ್ದೀನಿ. ಕಾರ್ಖಾನೆಯಲ್ಲಿ ಕೊಳವೆ ಒಡೆದು, ಗದ್ದೆಯಲ್ಲಿ ಹುಳದ ಔಷಧ ಸಿಡಿದು ಕಣ್ಣು ಕಳ್ಕೊಂಡವರನ್ನ ಸಾಲಾಗಿ ನೋಡಿದ್ದೀನಿ. ಕಣ್ಣು ಹೋದ ಮೇಲೆ ಬುದ್ಧಿ ಹೋಗೋದನ್ನೂ ನೋಡಿದ್ದೀನಿ. ನಿಮ್ಮ ತಂಗೀನೂ ಆ ಸಾಲಲ್ಲಿ ನಿಲ್ಲಬೇಕು ಅಂದ್ರೆ ಸಹಿ ಹಾಕಬೇಡಿ. ನಾನು ಮನೆಗೆ ಹೋಗ್ತೀನಿ."

ಮನುಷ್ಯರ ಮೇಲೆ ಇನ್ನೂ ಪ್ರಯೋಗಿಸದ ಔಷಧ. ಹತ್ತಿರದ ಸಂಬಂಧಿ ಒಪ್ಪಿಗೆ ಬರೆದುಕೊಡಬೇಕು. ಅಮ್ಮನಂತೂ "ದೊಡ್ಡವಳು ಹೇಳದೆ ನಾನು ಹೆಬ್ಬೆಟ್ಟೂ ಒತ್ತಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ ತಂಗಿಯ ಮಂಚದ ಪಕ್ಕ ಕೂತಿದ್ದಳು. ಅಕ್ಷರ ಚೆನ್ನಾಗಿಯೇ ಬಲ್ಲ ನಮ್ಮಮ್ಮ ಹೆಬ್ಬೆಟ್ಟಿನ ಮಾತೆತ್ತಿದರೆ ಕೋಪ ಬಂದಿದೆ ಎಂದರ್ಥ.

'ಹಸಿರು ಮುಚ್ಚಳದ ಔಷಧವನ್ನು ಹಾಕಲು ನನ್ನ ಒಪ್ಪಿಗೆಯಿದೆ.' ಡಾಕ್ಟರಮ್ಮ ಬರೆದ ಸಾಲಿನ ಕೆಳಗೆ ಸಹಿ ಮಾಡಿದೆ.

ಅವರು ಎರಡೂ ಬಾಟಲಿಗಳನ್ನು ಐಸ್ ಡಬ್ಬಿಗೆ ಹಾಕಿಕೊಂಡರು. ಹಸಿರನ್ನು ಮೂಲೆಗೆ ತುರುಕಿದರು. ಕೆಂಪನ್ನು ಹತ್ತಿಯಲ್ಲಿ ಸುತ್ತಿ, ಅಲುಗದಂತೆ ಮಧ್ಯದಲ್ಲಿ ನಿಲ್ಲಿಸಿದರು. ನಾನದನ್ನು ನೋಡಿದೆ, ಕಣ್ಣಾರೆ ನೋಡಿದೆ. ತಲೆ ಮಾತ್ರ ಆ ಹೊತ್ತಿಗೆ ಎಲ್ಲೋ ಇತ್ತು.

"ಇಲ್ಲಿಂದ ಆಸ್ಪತ್ರೆಗೆ ಇಪ್ಪತ್ತು ನಿಮಿಷ," ಎಂದು ಹೊರಟೇಬಿಟ್ಟರು.

ನಾನೂ ಹೋಗಬಹುದಿತ್ತು. ಆದರೆ ಬೀಗದ ಕೈ ನೇತಾಡುವ ಆ ಮೊಳೆ ನನ್ನನ್ನು ಬಿಡಲಿಲ್ಲ. ಎಡ-ಬಲ ತಿಳಿಯದವನು ಎಂದು ನಾನೂ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ ಮನುಷ್ಯನ ಮೇಲೆ ನನಗೆ ಸಿಟ್ಟೂ ಬಂದಿತ್ತು. ನೋಟ್‌ಬುಕ್ ಎತ್ತಿಕೊಂಡು ಪಕ್ಕದ ಕೋಣೆಗೆ ನುಗ್ಗಿದೆ.

ಗೂಡುಗಳೆಲ್ಲ ಖಾಲಿ. ಪರೀಕ್ಷೆ ಮುಗಿದ ದಿನವೇ ಮೊಲಗಳಿಗೆ ನಿದ್ದೆಯ ಚುಚ್ಚುಮದ್ದು ಕೊಟ್ಟು ಸುಟ್ಟಾಗಿತ್ತು. ಮೊಲದಣ್ಣ ಖಾಲಿ ಗೂಡನ್ನೇ ಉಜ್ಜುತ್ತಲೇ ಇದ್ದ.

"ಇಲ್ಲೇನು ಉಳಿದಿದೆ ಅಂತ ತೊಳೀತಿದ್ದೀರಿ?"

"ಸುಮ್ನೆ ಕೂರೋಕಾಗಲ್ಲಮ್ಮ," ಎಂದ. ಐವತ್ತೈದರ ಆಸುಪಾಸಿನ ಮನುಷ್ಯ, ಮೊಣಕೈವರೆಗೆ ಸೋಪಿನ ನೊರೆ. "ನಿಮ್ಮ ತಂಗಿ ಹೇಗಿದ್ದಾರೆ?"

"ಅದು ನಿಮ್ಮ ಸೊನ್ನೆ ಮೇಲೆ ನಿಂತಿದೆ. ಇದೇನು ಬರೆದಿಟ್ಟಿದ್ದೀರಿ? ಎಡ ಯಾವುದು ಬಲ ಯಾವುದು ಅನ್ನೋದೂ ಬೇಡ್ವಾ?"

ಅವನ ಮುಖ ಸಣ್ಣದಾಯಿತು. ನೊರೆಯ ಕೈಯನ್ನು ಅಂಗಿಗೆ ಒರೆಸಿಕೊಂಡು ನೋಟ್‌ಬುಕ್ ನೋಡಿದ. "ಸರಿಯಾಗೇ ಇದೆಯಲ್ಲ."

"ಎಲ್ಲಿ ಸರಿ? ನೀವು ಮೊಲದ ಕಣ್ಣು ನೋಡೋದು ಹೇಗೆ, ತೋರಿಸಿ ನೋಡೋಣ."

ಒಂದು ಟವೆಲ್ಲನ್ನು ಸುತ್ತಿ ಮೊಲದ ಹಾಗೆ ಮಾಡಿಕೊಂಡು ಸ್ಟೂಲಿನ ಮೇಲೆ ಕೂತ. ಅದರ ಬೆನ್ನನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ಮುಖವನ್ನು ಆಚೆ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡ. ಎಷ್ಟು ಮೆತ್ತಗೆ ಎಂದರೆ, ಟವೆಲ್ಲಿಗೆ ನೋವಾಗುತ್ತದೇನೋ ಎಂಬಂತೆ.

"ಮಗೂನ ಕೂರಿಸ್ಕೊಂಡ ಹಾಗೆ. ಎದುರಿಗೆ ನಿಂತ್ರೆ ಅದು ಹೆದರುತ್ತೆ. ಹೀಗೆ ಕೂತ್ರೆ ಅದರ ಬಲ, ನನ್ನ ಬಲ, ಕಾಗದದ ಬಲ, ಎಲ್ಲಾ ಒಂದೇ ಕಡೆ. ತಪ್ಪೋದು ಹೇಗೆ?"

ಹೌದು, ತಪ್ಪುವುದು ಹೇಗೆ? ಅವನು ಉಲ್ಟಾ ಬರೆದಿಲ್ಲವೆಂದರೆ ಬಲಗಣ್ಣು ವಾಸಿಯಾಗಿದೆ. ಬಲಗಣ್ಣಿಗೆ ಹಾಕಿದ್ದು ಕೆಂಪು.

"ಹಾಗಾದ್ರೆ ನನ್ನ ತಂಗಿ ತಪ್ಪು ಬರೆದಳಾ?"

"ಅಯ್ಯೋ, ಅವರು ತಪ್ಪೋದಿಲ್ಲ." ಅವನು ಹಳೆಯ ಪುಟಗಳನ್ನು ತಿರುವಿದ. ಒಂದು ಕಡೆ ಬೆರಳಿಟ್ಟು ನಿಂತ. ಅವನ ಕಣ್ಣು ತುಂಬಿಬಂತು. "ನೋಡಿ, ಒಂಬತ್ತನೇ ನಂಬರು. ಪೋಲಿ ಅಂದ್ರೆ ಪೋಲಿ. ಗೂಡಿನ ತಂತಿಗೆ ಸಿಕ್ಕಿಸ್ಕೊಂಡು ಎಡಗಿವಿ ಹರ್ಕೊಂಡಿತ್ತು. ಅದನ್ನೂ ಬರೆದಿದ್ದಾರೆ, ಹೇಗೆ ಬರೆದಿದ್ದಾರೆ ನೋಡಿ."

ನೋಡಿದೆ. ತಂಗಿ ಬಿಡಿಸಿದ ಪುಟ್ಟ ಮುಖದಲ್ಲಿ ಒಂದು ಕಿವಿಯ ತುದಿ ಹರಿದಿತ್ತು.

ಕಾಗದದ ಬಲಗಡೆಯ ಕಿವಿ.

"ಯಾವ ಕಿವಿ ಹರಿದಿತ್ತು ಅಂದ್ರಿ?"

"ಎಡಗಿವಿ. ದಿನಾ ಮುಲಾಮು ಹಚ್ಚಿದವನು ನಾನೇ."

ನೋಟ್‌ಬುಕ್ಕನ್ನು ನನ್ನ ಕಡೆಗೆ ಎಳೆದುಕೊಂಡೆ.

ಪತ್ತೇದಾರಿಕೆಗೆ ಇಳಿಯುವ ಮೊದಲು ಹದಿನಾರು ವರ್ಷ ಕನ್ನಡಕದ ಅಂಗಡಿ ಇಟ್ಟವಳು ನಾನು. ಈಗಲೂ ಜನ ನನ್ನನ್ನು ಕರೆಯುವುದು ಕನ್ನಡಕದಕ್ಕ ಎಂದೇ. ಶಾಲೆ ಬಿಟ್ಟ ಮೇಲೆ ತಂಗಿ ನೇರವಾಗಿ ಅಂಗಡಿಗೆ ಬಂದು ಗಲ್ಲಾದ ಹಿಂದೆ ಕೂರುತ್ತಿದ್ದಳು. ಕಣ್ಣಿನ ಚೀಟಿ ಬರೆಯುವುದನ್ನು ಅವಳಿಗೆ ಕಲಿಸಿದ್ದು ನಾನೇ, ಬೆರಳಗಂಟಿಗೆ ಸ್ಕೇಲಿನಲ್ಲಿ ಹೊಡೆದು: 'ಗಿರಾಕಿ ನಿನ್ನ ಎದುರಿಗೆ ಕೂತಿರ್ತಾರೆ ಕಣೇ. ಮುಖ ಹೇಗೆ ಕಾಣುತ್ತೋ ಹಾಗೇ ಬರಿ. ಅವರ ಬಲಗಣ್ಣು ನಿನ್ನ ಎಡಗಡೆ. ಅವರ ಎಡಗಣ್ಣು ನಿನ್ನ ಬಲಗಡೆ. ಇದೊಂದು ತಪ್ಪಿದ್ರೆ ಊರವರಿಗೆಲ್ಲ ಗಾಜು ಅದಲುಬದಲು.'

ಹನ್ನೆರಡು ವರ್ಷದ ಹುಡುಗಿ ಬಿಕ್ಕುತ್ತಾ ಕಲಿತಿದ್ದಳು. ಇಪ್ಪತ್ತೊಂಬತ್ತಾದರೂ ಮರೆತಿರಲಿಲ್ಲ. ಮೊಲವನ್ನೂ ಗಿರಾಕಿಯ ಹಾಗೆ ಎದುರಿಗೆ ಕೂರಿಸಿಕೊಂಡು ಬರೆದಿದ್ದಳು.

ಅವಳ ಎಡಗಡೆಯ ಸೊನ್ನೆ ಎಂದರೆ ಮೊಲದ ಬಲಗಣ್ಣು. ಮೊಲದಣ್ಣನ ಬಲಗಡೆಯ ಸೊನ್ನೆಯೂ ಮೊಲದ ಬಲಗಣ್ಣೇ. ಇಬ್ಬರೂ ಒಂದೇ ಮಾತು ಹೇಳಿದ್ದರು. ವಾಸಿ ಮಾಡಿದ್ದು ಕೆಂಪು. ಡಾಕ್ಟರಮ್ಮ ರಸಾಯನಶಾಸ್ತ್ರ ಓದಿ ಡಾಕ್ಟರಾದವರು, ಕಣ್ಣಿನ ಚೀಟಿ ಬರೆದವರಲ್ಲ, ಅವರಿಗೆ ತಿಳಿಯದೆ ಇರಬಹುದು. ನನಗೇನಾಗಿತ್ತು? ಎಡವಟ್ಟು ಎನ್ನುವ ಪದದಲ್ಲಿ 'ಎಡ' ಬಂದು ಕೂತದ್ದು ನನ್ನಂಥವಳನ್ನು ನೋಡಿಯೇ ಇರಬೇಕು.

ಆಗ ಇನ್ನೊಂದೂ ಹೊಳೆಯಿತು. ತಂಗಿಯ ಮಾತು ಕಲಸಿಹೋಗಿರಲಿಲ್ಲ. ಇರು ಎನ್ನಬೇಕಾದಲ್ಲಿ ಹೋಗು. ಬೇಕು ಎನ್ನಬೇಕಾದಲ್ಲಿ ಬೇಡ. ಉರಿಗೆ ತಣ್ಣಗೆ. ಅವಳ ಬಾಯಲ್ಲಿ ಪ್ರತಿಯೊಂದೂ ನೇರಾನೇರ ವಿರುದ್ಧವಾಗಿ ಬರುತ್ತಿತ್ತು. 'ಎಡ' ಎಂದಾಗ ಅವಳು ಹೇಳಿದ್ದು 'ಬಲ'.

ಮೂರು ಇಪ್ಪತ್ತೈದು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಆಸ್ಪತ್ರೆಯ ನಂಬರು ಸದಾ ಕಾರ್ಯನಿರತ. ಅಮ್ಮನ ಫೋನ್ ನಾಲ್ಕನೆಯ ಸಲಕ್ಕೆ ಹತ್ತಿತು. ಅಷ್ಟರಲ್ಲಿ ಮೂರೂವರೆ ದಾಟಿತ್ತು.

"ಅಮ್ಮಾ, ಡಾಕ್ಟರಮ್ಮ ಬಂದ್ರಾ?"

"ಬಂದು ಎಷ್ಟೋ ಹೊತ್ತಾಯ್ತು. ಪಟ್ಟಿ ಬಿಚ್ಚಿದ್ದಾರೆ. ನರ್ಸು ಔಷಧ ಹಿಡ್ಕೊಂಡು ನಿಂತಿದ್ದಾಳೆ."

"ನಿಲ್ಸು! ಹಸಿರು ಹಾಕಬೇಡಿ ಅನ್ನು. ಹಸಿರು ಬೇಡ, ಕೆಂಪು, ಕೆಂಪು ಹಾಕ್ಬೇಕು!"

"ಕಿವಿ ತೂತು ಬೀಳೋ ಹಾಗೆ ಕಿರುಚಬೇಡ್ವೇ. ಹಸಿರು ಯಾರು ಹಾಕ್ತಿದ್ದಾರೆ? ಕೆಂಪೇ ತೆಗೆದಿರೋದು."

"ಏನಂದೆ?"

"ಕೆಂಪು ಮುಚ್ಚಳ. ನನ್ನ ಎದುರಿಗೇ ಹತ್ತಿ ಬಿಡಿಸಿ ತೆಗೆದ್ರು. ಪೊರೆ ತೆಗೆಸಿದ ಮೇಲೆ ನನ್ನ ಕಣ್ಣು ನಿನ್ನ ಕಣ್ಣಿಗಿಂತ ಚೆನ್ನಾಗಿದೆ, ತಿಳ್ಕೊ."

ಹೋದ ಜೀವ ಬಂದಂತಾಗಿ ಮೊಲದಣ್ಣನ ಪಕ್ಕದ ಖಾಲಿ ಗೂಡಿಗೆ ಒರಗಿದೆ. ಉಸಿರು ಪೂರ್ತಿ ಬಿಡುವ ಮೊದಲೇ ಒಪ್ಪಿಗೆಯ ಕಾಗದ ನೆನಪಾಯಿತು.

ನನ್ನ ಸಹಿಯಿರುವ ಕಾಗದದಲ್ಲಿ ಹಸಿರು ಎಂದಿದೆ. ಬರೆದವರೂ ಅವರೇ. ಒಂಬತ್ತನೆಯ ಮೊಲದ ಕಿವಿಯನ್ನು ಅವರು ನೋಡಿಲ್ಲ, ಕನ್ನಡಕದ ಅಂಗಡಿಯಲ್ಲಿ ಕೂತಿಲ್ಲ. ಹಾಗಿದ್ದೂ ಇಲ್ಲಿಂದ ಹೊರಡುವಾಗಲೇ ಕೆಂಪನ್ನು ಹತ್ತಿಯಲ್ಲಿ ಸುತ್ತಿಕೊಂಡರು. ಯಾವುದು ಯಾವುದೆಂದು ಅವರಿಗೆ ಗೊತ್ತಿತ್ತು. ಗೊತ್ತಿರಬೇಕಾದರೆ ಲಕೋಟೆಯ ಚೀಟಿ ಅವರ ಕೈಯಲ್ಲಿರಬೇಕು.

ಚೀಟಿ ಓದಿದವರು ಯಾಕೆ ನನ್ನ ಕೈಯಲ್ಲಿ ಹಸಿರಿಗೆ ಸಹಿ ಹಾಕಿಸಿದರು? ಕೆಂಪೇ ಔಷಧವೆಂದು ತಿಳಿದು ಗುಟ್ಟಾಗಿ ಅವಳನ್ನು ಉಳಿಸುತ್ತಿದ್ದಾರೆಯೇ? ಇಲ್ಲ, ಕೆಂಪೇ ಕೆಟ್ಟದ್ದೆಂದು ತಿಳಿದು, ತಪ್ಪನ್ನು ನರ್ಸಿನ ತಲೆಗೆ ಕಟ್ಟಲು ಕಾಗದ ಸಿದ್ಧಮಾಡಿಕೊಂಡರೇ? ಹಾಗಿದ್ದರೆ ನನ್ನ ಸೊನ್ನೆಗಳ ಲೆಕ್ಕವೆಲ್ಲ ಸುಳ್ಳು.

"ಏನೇ, ಲೈನಲ್ಲಿದ್ದೀಯಾ? ನರ್ಸು ಕೇಳ್ತಿದ್ದಾಳೆ, ಹಾಕಲಾ ಬೇಡ್ವಾ ಅಂತ. ಟೈಮಾಗ್ತಿದೆಯಂತೆ."

ಇಪ್ಪತ್ತು ನಿಮಿಷ ಉಳಿದಿತ್ತು. ಮೊಲದಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ತೊಡೆಯ ಮೇಲೆ ಟವೆಲ್ಲಿನ ಮೊಲ ಇನ್ನೂ ಕೂತಿತ್ತು. ನೋಟ್‌ಬುಕ್ಕಿನ ಹರಿದ ಕಿವಿಯನ್ನು ಮತ್ತೊಮ್ಮೆ ನೋಡಿದೆ. ಕಳ್ಳರ ಮನಸ್ಸು ನನಗೆ ತಿಳಿಯದು, ನನ್ನ ತಂಗಿಯ ಕೈ ನನಗೆ ಗೊತ್ತು.

"ಹಾಕ್ಸಮ್ಮ," ಎಂದೆ. "ಕೆಂಪೇ."

ಫೋನಿನಲ್ಲಿ ಸ್ವಲ್ಪ ಹೊತ್ತು ಬರೀ ಸರಬರ. ಸ್ಟೀಲ್ ತಟ್ಟೆಯ ಸದ್ದು. ಯಾರೋ ಮೆಲ್ಲಗೆ ಏನೋ ಹೇಳಿದರು.

"ಹಾಕಿದ್ರು," ಎಂದಳು ಅಮ್ಮ. "ಎರಡೂ ಕಣ್ಣಿಗೆ."

"ಅವಳು ಹೇಗಿದ್ದಾಳೆ?"

"ಹೆದರಿಬಿಟ್ಟಿದ್ದಾಳೆ, ಪಾಪ. ಡಾಕ್ಟರಮ್ಮ ಇಷ್ಟೊತ್ತು ಮಾತೇ ಆಡಿರಲಿಲ್ಲ, ಬರೀ ಕೈಸನ್ನೆ. ಈಗ ಔಷಧ ಬಿದ್ದ ಮೇಲೆ ಕಿವಿ ಹತ್ರ ಬಗ್ಗಿ ಹೆಸರು ಹಿಡಿದು ಕರೆದ್ರು ನೋಡು, ಮೈಯೆಲ್ಲ ನಡುಗೋಕೆ ಶುರುವಾಯ್ತು. ನನ್ನ ಕೈ ಬಿಡ್ತಾನೇ ಇಲ್ಲ." ಅಮ್ಮನ ದನಿ ಸ್ವಲ್ಪ ಹಗುರಾಯಿತು. "ಆದ್ರೆ ಒಂದು ನೆಮ್ಮದಿ ಕಣೇ. ಮೊನ್ನೆ ಹಿಂದಿನಿಂದ ಕರೆದ ದನಿ ಕೇಳಿದ್ರೆ ಗುರುತು ಹಿಡೀತೀನಿ ಅಂದಿದ್ಲಲ್ಲ? ನೀನು ಸುಮ್ನೆ ಎಲ್ಲರ ಮೇಲೂ ಅನುಮಾನ ಪಡ್ತೀಯ. ಅವಳೇ ಬಾಯಿಬಿಟ್ಟು ಹೇಳ್ತಿದ್ದಾಳೆ."

"ಏನಂತ, ಅಮ್ಮಾ? ಏನಂತ ಹೇಳ್ತಿದ್ದಾಳೆ?"

"'ಇವರಲ್ಲ, ಇವರಲ್ಲ' ಅಂತ."